ಹತ್ತು ಬೆರಳಿನ ಉಸ್ತಾದ

ರಾಣೆಬೆನ್ನೂರಿನ ಲೇಥ್ ಅಂಗಡಿಗಳ ಸಾಲಿನಲ್ಲಿ ಯೂಸುಫಸಾಬರು ಯಾರು ಎಂದು ಕೇಳಬೇಕಾಗಿರಲಿಲ್ಲ. ಕೆಲಸ ಮಾಡುವವರ ಕೈ ನೋಡುತ್ತ ಹೋದರೆ ಸಾಕಿತ್ತು. ಒಬ್ಬನಿಗೆ ಹೆಬ್ಬೆರಳಿನ ತುದಿ ಇಲ್ಲ, ಪಕ್ಕದವನಿಗೆ ಕಿರುಬೆರಳೇ ಇಲ್ಲ, ಅದರಾಚೆಯವನ ನಡುಬೆರಳು ಮಡಚಿದ್ದು ಮಡಚಿದಂತೆಯೇ ಇದೆ. ಹತ್ತಕ್ಕೆ ಹತ್ತೂ ಬೆರಳು ನೆಟ್ಟಗಿರುವವರು ಸಿಕ್ಕರೆ ಅವರೇ ಯೂಸುಫಸಾಬರು. ನಲವತ್ತೊಂದು ವರ್ಷ ತಿರುಗುವ ಕಬ್ಬಿಣದ ಪಕ್ಕದಲ್ಲಿ ನಿಂತವರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದಿದೆ? ಅವರೂ ಅದನ್ನು ಬಚ್ಚಿಡುತ್ತಿರಲಿಲ್ಲ. ಹೊಸ ಗಿರಾಕಿ ಬಂದರೆ ಎರಡೂ ಕೈ ಮುಂದೆ ಚಾಚಿ, "ಎಣಿಸ್ಕೋರಿ" ಎಂದು ನಗುತ್ತಿದ್ದರು.

ಆ ಬೆರಳುಗಳು ಉಳಿದದ್ದು ಅದೃಷ್ಟದಿಂದಲ್ಲ, ಹಟದಿಂದ. ಲೇಥಿನಲ್ಲಿ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ಗರಗರ ತಿರುಗಿಸುವ ಮೂರು ಹಲ್ಲಿನ ಬಾಯಿ ಒಂದಿರುತ್ತದೆ. ಆ ಬಾಯಿಗೆ ಕೈ ಹಾಕುವ ಮೊದಲು ಅವರು ಗೋಡೆಯ ಮೇನ್ ಸ್ವಿಚ್ಚಿನ ಹಿಡಿಕೆ ಇಳಿಸುತ್ತಿದ್ದರು. ಆಮೇಲೆ ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಆ ಹಿಡಿಕೆಗೆ ತೊಡಿಸುತ್ತಿದ್ದರು. ಟೊಪ್ಪಿಗೆ ಅಲ್ಲಿರುವಷ್ಟು ಹೊತ್ತು ಯಾರೂ ಹಿಡಿಕೆ ಮುಟ್ಟುವಂತಿಲ್ಲ. ಅಂಗಡಿಯ ಕಾನೂನು ಅದೊಂದೇ.

ಬ್ಯಾಡಗಿಯ ವೀರೇಂದ್ರ ಈ ಅಂಗಡಿಗೆ ಗಿರಾಕಿಯಾಗಿ ಬಂದು ಶಿಷ್ಯನಾಗಿ ಉಳಿದವನು. ಮೆಣಸಿನಕಾಯಿ ದಲಾಲಿ ಮನೆತನದ ಕಿರಿಯ ಮಗ, ನಲವತ್ತೈದರ ಆಸುಪಾಸು. ಮಾರ್ಕೆಟ್ ಯಾರ್ಡಿನ ಅಂಗಡಿಯನ್ನು ಅಣ್ಣ ನೋಡಿಕೊಳ್ಳುತ್ತಿದ್ದ, ಇವನು ಬೇಕಾದಾಗ ಹೋಗಿ ಗಾದಿಯ ಮೇಲೆ ಕೂತು ಬರುತ್ತಿದ್ದ. ಉಂಡು ತಿಂದು ಉಳಿದಿದ್ದ ಹೊತ್ತಿಗೆ ಅವನೊಂದು ಹುಚ್ಚು ಹಚ್ಚಿಕೊಂಡಿದ್ದ. ಅಜ್ಜನ ಕಾಲದಲ್ಲಿ ಅವರ ಖಾರ ಕುಟ್ಟುವ ಗಿರಣಿಯನ್ನು ಒಂದು ಆಯಿಲ್ ಇಂಜಿನ್ ನಡೆಸುತ್ತಿತ್ತು. ಅದು ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಅದರದೇ ತದ್ರೂಪವನ್ನು ಅಂಗೈಯಗಲದಲ್ಲಿ ಮಾಡಬೇಕು, ಅದು ಆಟಿಕೆಯಾಗಿರದೆ ಖರೇ ಖರೇ ಟುಕುಟುಕು ಓಡಬೇಕು ಎಂಬುದೇ ಆ ಹುಚ್ಚು.

ಎರಡು ವರ್ಷ ಭಾನುವಾರ ತಪ್ಪಿಸದೆ ಅವನು ರೈಲು ಹತ್ತಿ ರಾಣೆಬೆನ್ನೂರಿಗೆ ಹೋದ. ಮೊದಲ ಮೂರು ತಿಂಗಳು ಯೂಸುಫಸಾಬರು ಅವನಿಗೆ ಯಂತ್ರ ಮುಟ್ಟಗೊಡಲಿಲ್ಲ. ಉಳಿ ಸಾಣೆ ಹಿಡಿಯುವುದು, ಅಳತೆ ನೋಡುವುದು, ಕೊನೆಗೆ ವೈರು ಜೋಡಿಸುವುದು ಕೂಡ ಅವರ ರೀತಿಯಲ್ಲೇ ಕಲಿಯಬೇಕಾಯಿತು. ಬೇರೆಯವರು ಎರಡು ವೈರಿನ ತಾಮ್ರದ ತುದಿಗಳನ್ನು ಸುಮ್ಮನೆ ಹೊಸೆದು ಟೇಪು ಸುತ್ತುತ್ತಾರೆ. ಯೂಸುಫಸಾಬರು ಎಳೆಗಳನ್ನೆಲ್ಲ ಮೂರು ಪಾಲು ಮಾಡಿ, ಹೆಣ್ಣುಮಕ್ಕಳ ಹೆರಳಿನಂತೆ ಹೆಣೆದು, ಆಮೇಲೆ ಟೇಪು ಸುತ್ತುತ್ತಿದ್ದರು. "ಜಗ್ಗಿದ್ರೂ ಬಿಚ್ಚಂಗಿಲ್ಲ ನೋಡ್ರಿ ಸಾವ್ಕಾರ್ರ. ಈ ಸಾಲಿನ್ಯಾಗ ನಾ ಒಬ್ಬಾವನ ಹಿಂಗ ಹೆಣಿಯೋದು. ಈಗ ನೀವೊಬ್ಬರು" ಎಂದಿದ್ದರು. ಆ ದಿನ ವೀರೇಂದ್ರ ಮನೆಗೆ ಬಂದು ಹೆಂಡತಿ ಪುಷ್ಪಲತಾಳ ಮುಂದೆ ಹತ್ತು ಸಲ ಆ ಹೆಣಿಗೆ ಹಾಕಿ ತೋರಿಸಿದ. ಹನ್ನೊಂದನೆಯ ಸಲಕ್ಕೆ ಅವಳು ಎದ್ದು ಅಡಿಗೆಮನೆಗೆ ಹೋದಳು.

ಎರಡು ಸಾವಿರದ ಆರನೇ ಇಸವಿ ಅದು. ಚೀನಾದಿಂದ ಸಣ್ಣ ಸಣ್ಣ ಲೇಥುಗಳು ಮುಂಬೈಗೆ ಬರತೊಡಗಿದ್ದವು. ಮೇಜಿನ ಮೇಲೆ ಕೂರುವಷ್ಟು ಚಿಕ್ಕವು, ಮನೆಯ ಸಾದಾ ಕರೆಂಟಿನಲ್ಲೇ ನಡೆಯುವಂಥವು, ನಮ್ಮ ಕಡೆಯ ಯಂತ್ರದ ಕಾಲು ಭಾಗದ ಬೆಲೆ. ವೀರೇಂದ್ರ ಕ್ಯಾಟಲಾಗ್ ತರಿಸಿದ, ದಿಂಬಿನ ಕೆಳಗೆ ಇಟ್ಟುಕೊಂಡ, ಒಂದು ದಿನ ಯಾರಿಗೂ ಹೇಳದೆ ಆರ್ಡರ್ ಮಾಡಿಬಿಟ್ಟ. ಲಾರಿಯಲ್ಲಿ ಬಂದ ಮರದ ಪೆಟ್ಟಿಗೆಯನ್ನು ಯಾರ್ಡಿನ ನಾಲ್ವರು ಹಮಾಲರು ಹೊತ್ತು ತಂದು, ಹಿಂದಿನ ಖೋಲಿಯಲ್ಲಿ ಇಳಿಸಿದರು. ಮುಚ್ಚಳ ಕಿತ್ತಾಗ ಒಳಗಿನಿಂದ ಕೆಂಪಗಿನ ಜಿಡ್ಡಿನ ವಾಸನೆ ಮನೆಯೆಲ್ಲ ಹರಡಿತು. ಆ ಮನೆಯಲ್ಲಿ ಮೆಣಸಿನಕಾಯಿ ಘಾಟಿಗೆ ಯಾರೂ ಕೆಮ್ಮುತ್ತಿರಲಿಲ್ಲ. ಅವತ್ತು ಪುಷ್ಪಲತಾ ಸೆರಗು ಮೂಗಿಗೆ ಹಿಡಿದುಕೊಂಡು ಓಡಾಡಿದಳು.

ಯೂಸುಫಸಾಬರು ಬಂದು ಎರಡು ದಿನ ಅದನ್ನು ಬಿಚ್ಚಿ ತೊಳೆದರು. ಬೈದಷ್ಟೂ ಅವರಿಗೆ ತೃಪ್ತಿಯಿಲ್ಲ. "ನೋಡ್ರಿ, ಒಳಗ ಉಸುಕು ಹಂಗ ಉಳದೈತಿ. ಸ್ಕ್ರೂ ಅಂತೂ ಬೆಣ್ಣಿ. ಗಾಲಿ ಪ್ಲಾಸ್ಟಿಕ್ಕಿನವು. ಇದು ಮಶೀನಲ್ರಿ ಸಾವ್ಕಾರ್ರ, ಆಟಿಗಿ ಸಾಮಾನು." ವೀರೇಂದ್ರನ ಮುಖ ಸಣ್ಣದಾಯಿತು. ಆದರೆ ಒಂದು ಜಾಗಕ್ಕೆ ಬಂದಾಗ ಯೂಸುಫಸಾಬರ ಕೈ ನಿಂತಿತು. ಅಲ್ಲೊಂದು ಹಸಿರು ಬಟನ್, ಪಕ್ಕದಲ್ಲೊಂದು ಕೆಂಪು ಬಟನ್. ಅವರು ಹಸಿರನ್ನು ಒತ್ತಿದರು, ಯಂತ್ರ ತಿರುಗಿತು. "ಅಕ್ಕಾರ, ಮೇನ್ ಇಳಿಸ್ರಿ" ಎಂದು ಪುಷ್ಪಲತಾಳಿಗೆ ಕೂಗಿ ಹೇಳಿದರು. ಯಂತ್ರ ನಿಂತಿತು, ಹಸಿರು ಬಟನ್ ಟಕ್ಕನೆ ಹೊರಗೆ ಬಂತು. "ಈಗ ಏರಿಸ್ರಿ." ಮನೆಯ ದೀಪ ಹತ್ತಿತು. ಯಂತ್ರ ಮಾತ್ರ ಅಲ್ಲಾಡಲಿಲ್ಲ.

ಯೂಸುಫಸಾಬರು ಮೂರು ಸಲ ಹಾಗೆ ಮಾಡಿಸಿ ನೋಡಿದರು. ಮೂರನೆಯ ಸಲ ಅವರ ಮುಖದ ಮೇಲೆ ಮೆಚ್ಚುಗೆ ಮೂಡಿತು. "ಕರೆಂಟ್ ಹೋಗಿ ಬಂದ್ರ ನನ್ನ ಮಶೀನ್ ತಾನ ಶುರು ಆಗತೈತ್ರಿ. ಅದಕ್ಕ ನಾ ಟೊಪಿಗಿ ಹಾಕೋದು. ಇದು ಹಂಗಲ್ಲ, ನೀವು ಮತ್ತ ಒತ್ತೋತನಕಾ ಕಾಯತೈತಿ. ಈ ಸೋವಿ ಮಾಲಿನ್ಯಾಗ ಖರೇ ಮಾಲು ಅಂದ್ರ ಇದೊಂದ. ಈ ಬಟನ್ ಇರೂತನಕಾ ನಿಮ್ಮ ಬೆರಳಿಗೆ ಭಯ ಇಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ಒಬ್ಬ ಮನುಷ್ಯ ಹೇಗೆ ಮರೆಯುತ್ತಾನೆ ಎಂದು ನೀವು ಕೇಳಬಹುದು. ವೀರೇಂದ್ರ ಮರೆಯಲಿಲ್ಲ. ಮರೆತಿದ್ದರೆ ಅವನನ್ನು ಕ್ಷಮಿಸಬಹುದಿತ್ತು.

ಆ ವರ್ಷ ಕರೆಂಟಿನ ಕಣ್ಣಾಮುಚ್ಚಾಲೆ ವಿಪರೀತ. ಹತ್ತು ನಿಮಿಷ ಇರುವುದು, ಇಪ್ಪತ್ತು ನಿಮಿಷ ಹೋಗುವುದು. ವೀರೇಂದ್ರ ಇಂಜಿನ್ನಿನ ಕೊಳವೆಯನ್ನು ಯಂತ್ರಕ್ಕೆ ಕಚ್ಚಿಸಿ, ಉಳಿ ತಾನೇ ಸರಿಯುವಂತೆ ಹಚ್ಚಿ, ಚಹಾ ಕುಡಿಯಲು ಹೋಗುತ್ತಿದ್ದ. ತಿರುಗಿ ಬಂದರೆ ನಡುವೆ ಯಾವಾಗಲೋ ಕರೆಂಟು ಹೋಗಿ ಬಂದು, ಯಂತ್ರ ಇವನ ದಾರಿ ಕಾಯುತ್ತ ಸುಮ್ಮನೆ ನಿಂತಿರುತ್ತಿತ್ತು. ದಿನಕ್ಕೆ ಐದಾರು ಸಲ ಹೀಗಾದರೆ ತಲೆ ಕೆಡದೆ ಇರುತ್ತದೆಯೇ? ಒಂದು ಸಂಜೆ ಅವನು ಬಟನ್ನಿನ ಹಿಂದಿನ ತಗಡು ಬಿಚ್ಚಿದ. ಪುಷ್ಪಲತಾಳ ಕೈಗೆ ಬ್ಯಾಟರಿ ಕೊಟ್ಟು ಬೆಳಕು ಹಿಡಿಯಲು ಹೇಳಿದ.

"ಏನ್ ಮಾಡಾಕತ್ತೀರಿ?"

"ಬಟನ್ನಿಗೆ ಹೋಗೋ ವೈರು, ಅದರಿಂದ ಬರೋ ವೈರು, ಎರಡೂ ಕೂಡಿಸಿ ಬಿಡ್ತೇನಿ. ಬಟನ್ ಹೆಂಗರ ಇರ್ಲಿ, ಕರೆಂಟ್ ಬಂದಕೂಡ್ಲೇ ಮಶೀನ್ ತಾನ ಶುರು. ಬ್ಯಾಡಂದಾಗ ಗ್ವಾಡಿ ಸ್ವಿಚ್ ಆರಿಸಿದ್ರ ಆತು."

"ಯೂಸುಫ ಕಾಕಾ ಅವತ್ತ ಅಷ್ಟ್ ಹೇಳ್ಯಾರಲ್ರಿ. ಅವರ್ನ ಒಂದ ಮಾತ ಕೇಳ್ರಿ."

"ಹೊಲದಾಗಿನ ಬೋರಿಗೆ ಆಟೋ ಸ್ಟಾರ್ಟರ್ ಹಾಕಿಲ್ಲೇನು? ಊರಾಗ ಯಾರ ಪಂಪ್‌ಸೆಟ್ಟಿಗಿಲ್ಲ ಹೇಳು. ಕರೆಂಟ್ ಬಂದ್ರ ತಾನ ಎತ್ತತೈತಿ. ಅದಕ್ಕ ಏನಾತು, ಇದಕ್ಕೇನಾಗತೈತಿ?"

"ಬೋರಿನ ಬಾಯಾಗ ಯಾರೂ ಕೈ ಹಾಕಂಗಿಲ್ರೀ" ಎಂದಳು ಪುಷ್ಪಲತಾ.

ಮಾತಿನಲ್ಲಿ ಸೋತ ಗಂಡಸರು ಮಾಡುವುದನ್ನೇ ಅವನೂ ಮಾಡಿದ. "ಬ್ಯಾಟರಿ ನೆಟ್ಟಗ ಹಿಡಿ" ಎಂದು ಗದರಿದ. ತಾಮ್ರದ ಎಳೆಗಳನ್ನು ಮೂರು ಪಾಲು ಮಾಡಿದ. ಅಚ್ಚುಕಟ್ಟಾಗಿ ಹೆಣೆದ. ಟೇಪು ಸುತ್ತಿ ತಗಡು ಮುಚ್ಚಿದ. ಹೊರಗಿನಿಂದ ನೋಡಿದರೆ ಹಸಿರು ಬಟನ್ ಹಸಿರಾಗಿಯೇ, ಕೆಂಪು ಕೆಂಪಾಗಿಯೇ ಕಾಣುತ್ತಿದ್ದವು. ಒತ್ತಿದರೆ ಮೊದಲಿನಂತೆ ಟಕ್ ಎನ್ನುತ್ತಲೂ ಇದ್ದವು. ಆದರೆ ಇನ್ನು ಮೇಲೆ ಆ ಶಬ್ದಕ್ಕೆ ಯಾವ ಅರ್ಥವೂ ಇರಲಿಲ್ಲ.

ಅಲ್ಲಿಂದ ಮುಂದೆ ಯಂತ್ರ ತನ್ನಷ್ಟಕ್ಕೆ ತಾನು ಏಳುವುದನ್ನು ಕಲಿಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಹಿಂದಿನ ಖೋಲಿಯಿಂದ ಗುರ್ರ್ ಎಂಬ ಸದ್ದು ಬರುತ್ತಿತ್ತು. ಪುಷ್ಪಲತಾಳ ಕೈಯ ತುತ್ತು ಬಾಯಿಗೆ ಹೋಗುವ ಮೊದಲು ಒಂದು ಕ್ಷಣ ನಿಲ್ಲುತ್ತಿತ್ತು. ಅವಳು ಆ ಖೋಲಿಯ ಕಸ ಗುಡಿಸುವುದನ್ನು ಬಿಟ್ಟಳು.

ಶ್ರಾವಣದಲ್ಲಿ ಒಂದು ದಿನ ಇನ್ನೊಂದು ಸಂಗತಿ ನಡೆಯಿತು. ಮೂರು ಹಲ್ಲುಗಳನ್ನು ಬಿಗಿಯುವ ಕಬ್ಬಿಣದ ಕೀಲಿಯನ್ನು ವೀರೇಂದ್ರ ಅದರ ತೂತಿನಲ್ಲೇ ಬಿಟ್ಟು ನೀರು ಕುಡಿಯಲು ಹೋಗಿದ್ದ. ಅಷ್ಟರಲ್ಲಿ ಕರೆಂಟು ಬಂತು. ಕೀಲಿ ಹಾರಿ ಎದುರಿನ ಗೋಡೆಗೆ ಬಡಿದು ಗಾರೆ ಬೊಗಸೆಯಷ್ಟು ಕಿತ್ತುಬಂತು. ಅದು ಅವನ ಎದೆಯ ಎತ್ತರ. ಎರಡು ನಿಮಿಷದ ಹಿಂದೆ ಅವನು ಅಲ್ಲೇ ನಿಂತಿದ್ದ. ಅವನು ಹೆದರಿದ, ಖರೇ. ಆ ಭಯದಲ್ಲೇ ತಗಡು ಬಿಚ್ಚಿ ವೈರು ಕತ್ತರಿಸಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅದರ ಬದಲು ಅವನು ಮೇಲಿದ್ದ ಕ್ಯಾಲೆಂಡರನ್ನು ಎರಡು ಗೇಣು ಕೆಳಗೆ ಇಳಿಸಿ ತೂಗುಹಾಕಿದ. ಗೋಡೆಯ ಗಾಯ ಮುಚ್ಚಿಹೋಯಿತು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ಉಸ್ತಾದರು ಬರುವ ಮೊದಲು ಬಟನ್ ಸರಿಮಾಡಿಬಿಡಬೇಕು ಎಂದುಕೊಂಡ. ಉಸ್ತಾದರಿಗೆ ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ.

ಖಂಡೇಪೂಜೆಗೆ ಯೂಸುಫಸಾಬರು ಬರಲೇಬೇಕಿತ್ತು. ನಮ್ಮ ಕಡೆ ಕಬ್ಬಿಣದ ಕೆಲಸದವರಲ್ಲಿ ಅದೊಂದು ರೂಢಿ. ವಿಭೂತಿ ಕುಂಕುಮ ಹಚ್ಚುವ ಮೊದಲು ಯಂತ್ರವನ್ನು ಕಲಿಸಿದ ಗುರುವೇ ತನ್ನ ಕೈಯಿಂದ ಒರೆಸಿ ಕೊಡಬೇಕು. ಒರೆಸಿದ ಅರಿವೆಯ ಜೊತೆ ಅವರಿಗೆ ಕಾಯಿ, ಟವೆಲ್ಲು ಕೊಡಬೇಕು. ಯೂಸುಫಸಾಬರು ವರ್ಷಾನುವರ್ಷ ಹೀಗೆ ಎಷ್ಟೋ ಶಿಷ್ಯರ ಯಂತ್ರ ಒರೆಸಿದ್ದರು. ಪೂಜೆ ಯಾರ ದೇವರದು ಎಂದು ಅವರೂ ಕೇಳಲಿಲ್ಲ, ಬೇರೆಯವರೂ ಕೇಳಲಿಲ್ಲ.

ಹಬ್ಬದ ದಿನ ಬೆಳಗಿನ ರೈಲಿಗೇ ಅವರು ಬಂದರು. ಇಸ್ತ್ರಿಯ ಬಿಳಿ ಅಂಗಿ, ತಲೆಯ ಮೇಲೆ ಟೊಪ್ಪಿಗೆ, ಕಿವಿಯಲ್ಲಿ ಅತ್ತರಿನ ಹತ್ತಿ. ವೀರೇಂದ್ರ ಇನ್ನೂ ಜಳಕ ಮಾಡಿರಲಿಲ್ಲ. ಹತ್ತು ಗಂಟೆಯ ರೈಲಿಗೆ ಬರುತ್ತಾರೆ, ಅಷ್ಟರಲ್ಲಿ ವೈರು ಬಿಚ್ಚಿದರಾಯಿತು ಎಂದು ಅವನು ಲೆಕ್ಕ ಹಾಕಿದ್ದ. ಕೊನೆಯ ಒಂದು ತುಂಡು ಮುಗಿಸಿಬಿಡೋಣ ಎಂದು ಯಂತ್ರ ಹಚ್ಚಿದವನು, ಎಂಟೂವರೆಗೆ ಕರೆಂಟು ಹೋದಾಗ ಗೋಡೆಯ ಸ್ವಿಚ್ ಆರಿಸದೆ ಬಿಟ್ಟಿದ್ದ. ಬಂದಾಗ ತಾನೇ ಮುಗಿಸುತ್ತದೆ, ಎಂದಿನಂತೆ.

ಯೂಸುಫಸಾಬರು ಚಹಾ ಕುಡಿದು ನೇರ ಹಿಂದಿನ ಖೋಲಿಗೆ ಬಂದರು. ಹಳೆಯ ಧೋತರದ ಚೂರು ಕೇಳಿ ತೆಗೆದುಕೊಂಡರು. ಬಗ್ಗಿ ಹಸಿರು ಬಟನ್ ನೋಡಿದರು. ಅದು ಹೊರಗೆ ಬಂದಿತ್ತು. ಅಷ್ಟಕ್ಕೇ ಬಿಡದೆ ಕೆಂಪನ್ನೂ ಒಮ್ಮೆ ಒತ್ತಿದರು. ಟಕ್ ಎಂದಿತು.

"ಕರೆಂಟ್ ಯಾವಾಗ ಬರತೈತ್ರಿ?"

"ಹನ್ನೆರಡಕ್ಕರಿ. ಈಗೀಗ ಮುಂಜಾನೆ ಹೋದ್ರ ದಿನಾ ಹನ್ನೆರಡಕ್ಕ" ಎಂದ ವೀರೇಂದ್ರ. ಗೋಡೆಯ ಸ್ವಿಚ್ ಯೂಸುಫಸಾಬರ ಬೆನ್ನ ಹಿಂದೆ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. "ಉಸ್ತಾದ್ರ, ಮೇನ್... ಟೊಪಿಗಿ..." ಎಂದು ಶುರುಮಾಡಿದ.

ಯೂಸುಫಸಾಬರು ನಕ್ಕರು. "ಟೊಪಿಗಿ ನಮ್ಮ ಹಳೇ ದೆವ್ವಕ್ಕರಿ. ಇದಕ್ಕ ಬಟನ್ ಐತಲ್ಲ. ನೀವು ಲಗೂನ ಜಳಕಾ ಮಾಡ್ಕೊಂಡು ಬರ್ರಿ, ಅಷ್ಟರಾಗ ನಾ ಫಳಫಳ ಮಾಡಿರ್ತೇನಿ."

ಆಗ ಹೇಳಬೇಕಿತ್ತು. ಸ್ವಿಚ್ ಆರಿಸಲು ಕೈ ಎತ್ತಿದರೆ ಉಸ್ತಾದರು ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ತಗಡು ಬಿಚ್ಚಬೇಕಾಗುತ್ತದೆ. ಬಿಚ್ಚಿದರೆ ಒಳಗೆ ಅವರದೇ ಹೆಣಿಗೆ ಕಾಣುತ್ತದೆ. ಎರಡು ವರ್ಷದ ಭಾನುವಾರಗಳಿಗೆಲ್ಲ ಒಂದೇ ಕ್ಷಣದಲ್ಲಿ ಮಣ್ಣು ಬೀಳುತ್ತದೆ. ಒಂಬತ್ತೂಕಾಲು ಆಗಿತ್ತಷ್ಟೆ. ಹನ್ನೆರಡಕ್ಕೆ ಇನ್ನೂ ಎಷ್ಟು ಹೊತ್ತಿದೆ! ಜಳಕ ಮಾಡಿ ಬಂದು, ಅವರನ್ನು ತಿಂಡಿಗೆ ಎಬ್ಬಿಸಿ, ಆಮೇಲೆ ಮೆಲ್ಲಗೆ ಆರಿಸಿದರಾಯಿತು. ಹೀಗೆ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಚ್ಚಲಿಗೆ ಹೋದ. ನಾಚಿಕೆಗೆ ಅಂಜಿ ಮನುಷ್ಯ ಎಂಥ ಕೆಲಸ ಮಾಡುತ್ತಾನೆ ನೋಡಿ.

ಬಚ್ಚಲಲ್ಲಿ ನಾಲ್ಕು ಚೊಂಬು ನೀರು ಸುರಿದುಕೊಂಡು ಹೊರಬಂದ. ಅಡಿಗೆಮನೆಯಿಂದ ಹೋಳಿಗೆಯ ಹೂರಣದ ವಾಸನೆ ಬರುತ್ತಿತ್ತು. ಪಡಸಾಲೆಯಲ್ಲಿ ನಿಂತು ಮಡಿ ಧೋತರ ಉಡತೊಡಗಿದ. ಒದ್ದೆ ಬೆನ್ನಿಗೆ ಸಣ್ಣಗೆ ಗಾಳಿ ತಾಕಿತು. ಹಿತವಾಗಿತ್ತು. ಆ ಗಾಳಿ ಎಲ್ಲಿಂದ ಬಂತು ಎಂದು ತಲೆ ಎತ್ತಿದ. ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು.

ಹಬ್ಬವೆಂದು ಅವತ್ತು ಕರೆಂಟನ್ನು ಬೇಗ ಬಿಟ್ಟಿದ್ದರು.

"ಉಸ್ತಾದ್ರ!" ಎಂದು ಕೂಗಿದನೋ ಇಲ್ಲವೋ ಅವನಿಗೆ ಆಮೇಲೆ ನೆನಪಾಗಲಿಲ್ಲ. ಗುರ್ರ್ ಎಂಬ ಸದ್ದು ಕೇಳಿಸಿತು. ಅದರ ಮೇಲೆ ಇನ್ನೊಂದು ಸದ್ದು, ಅರಿವೆ ಹರಿದಂತೆ. ಆಮೇಲೆ ಯೂಸುಫಸಾಬರ ದನಿ. ಅಷ್ಟು ಗಟ್ಟಿ ಮನುಷ್ಯನ ಗಂಟಲಿನಿಂದ ಮಗುವಿನಂಥ ದನಿ ಬಂದದ್ದು ಕೇಳಿ ಪುಷ್ಪಲತಾ ಒಲೆಯ ಮುಂದಿನಿಂದ ಎದ್ದು ಓಡಿದಳು. ಗೋಡೆಯ ಸ್ವಿಚ್ ಆರಿಸಿದ್ದು ಅವಳೇ. ವೀರೇಂದ್ರ ಬಾಗಿಲಲ್ಲಿ ಧೋತರದ ಚುಂಗು ಹಿಡಿದು ನಿಂತಿದ್ದ. ಯಂತ್ರದ ಬಾಯಿಗೆ ಧೋತರದ ಚೂರು ಬಿಗಿಯಾಗಿ ಸುತ್ತಿಕೊಂಡಿತ್ತು. ಅದು ಬಿಳಿಯಾಗಿ ಉಳಿದಿರಲಿಲ್ಲ.

ಅಣ್ಣನ ಜೀಪಿನಲ್ಲಿ ಹಾವೇರಿಗೆ ಒಯ್ದರು. ಜಿಲ್ಲಾ ಆಸ್ಪತ್ರೆಯ ಡಾಕ್ಟರು ಒಂದೂವರೆ ತಾಸು ಒಳಗಿದ್ದರು. ಬಲಗೈಯ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಹೋದವು. ರಾಣೆಬೆನ್ನೂರಿನಿಂದ ಯೂಸುಫಸಾಬರ ಹೆಂಡತಿ ಸೈದಾಬಿ ಬಂದು ಸೇರಿದ ಮೇಲೆ ವೀರೇಂದ್ರ, ಬಟ್ಟೆ ತರುತ್ತೇನೆ ಎಂದು ಬ್ಯಾಡಗಿಗೆ ಬಂದ. ಖೋಲಿಯ ನೆಲ ಇನ್ನೂ ತೊಳೆದಿರಲಿಲ್ಲ. ಅವನು ಅದನ್ನು ದಾಟಿ ಹೋಗಿ ತಗಡು ಬಿಚ್ಚಿದ, ಹೆಣಿಗೆಯನ್ನು ಕತ್ತರಿಸಿ ಕಿಸೆಗೆ ಹಾಕಿಕೊಂಡ, ಬಟನ್ನಿನ ವೈರುಗಳನ್ನು ಮೊದಲಿನಂತೆ ಜೋಡಿಸಿದ. ಆಮೇಲೆ ನೆಲ ತೊಳೆದ.

ನಾಲ್ಕನೆಯ ದಿನ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಯೂಸುಫಸಾಬರು ದಿಂಬಿಗೆ ಒರಗಿ ಕೂತಿದ್ದರು. ಬ್ಯಾಂಡೇಜು ಸುತ್ತಿದ ಕೈ ಎದೆಯ ಮೇಲಿತ್ತು. ಸೈದಾಬಿ ಬಾಗಿಲಲ್ಲೇ ಪುಷ್ಪಲತಾಳ ಕೈ ಹಿಡಿದುಕೊಂಡಳು.

"ನೀವರ ಹೇಳ್ರಿ ಅಕ್ಕಾರ. ಕೈ ಹೋಗಿದ್ದಕ್ಕ ಒಂದ ಹನಿ ಕಣ್ಣೀರು ಹಾಕಿಲ್ಲ. 'ನಾ ಮರತೆ, ನನ್ನ ಕೈ ಮರತು' ಅಂತ ಅದೊಂದ ಹಿಡದು ಕುಂತಾರ. ನಿದ್ದಿ ಇಲ್ಲ, ಊಟ ಇಲ್ಲ. ಅಂಗಡಿ ಮುಚ್ಚಿಬಿಡು ಅಂತಾರ."

ಯೂಸುಫಸಾಬರು ವೀರೇಂದ್ರನನ್ನು ನೋಡಿ ತಾವೇ ತಪ್ಪೊಪ್ಪಿಕೊಳ್ಳುವವರಂತೆ ಮಾತು ತೆಗೆದರು. "ಬರ್ರಿ ಸಾವ್ಕಾರ್ರ. ಹಬ್ಬದ ದಿನಾ ನಿಮ್ಮ ಮನ್ಯಾಗ ರಗತ ಬೀಳಿಸಿದೆ, ಮಾಫ್ ಮಾಡ್ರಿ. ಕರೆಂಟ್ ಬಂದಿದ್ದು ನನಗ ಖಬರ ಆಗಿಲ್ಲ. ಬಗ್ಗಿದಾಗ ಮೊಣಕೈ ಹಸರ ಬಟನ್ನಿಗೆ ತಾಗಿರಬೇಕು. ಬ್ಯಾರೆ ಹೆಂಗ ಶುರು ಆಗತೈತಿ? ನಲವತ್ತೊಂದು ವರ್ಷ ಮಂದಿಗೆ ಬುದ್ಧಿ ಹೇಳಿದಾವ ನಾ. ನನ್ನ ಕೈಗ ವಯಸ್ಸಾತು, ಅದು ನನಗ ಗೊತ್ತಾಗಲಿಲ್ಲ. ಇಂಥಾ ಕೈ ಇಟ್ಕೊಂಡು ಇನ್ನೊಬ್ಬರಿಗೆ ಏನ್ ಕಲಸಲಿ?"

ವೀರೇಂದ್ರ ಹೇಳಬೇಕೆಂದೇ ಬಂದಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬಾಯಿ ತೆರೆದಾಗ ಬಂದ ಮಾತು ಬೇರೆ.

"ನಿಮ್ಮದೇನ್ ತಪ್ಪಿಲ್ರಿ ಉಸ್ತಾದ್ರ. ಅದು ಸೋವಿ ಮಾಲು. ಚೀನಾದ್ದು. ಅದರ ಬಟನ್ನ ಖೊಟ್ಟಿ ಇರಬೇಕು."

ಯೂಸುಫಸಾಬರು ತಲೆ ಅಲ್ಲಾಡಿಸಿದರು. "ಇಲ್ರಿ. ಮಶೀನಿಗೆ ಬೈಬ್ಯಾಡ್ರಿ. ಆ ಬಟನ್ ನಾನ ಮೂರು ಸಲ ನೋಡೇನಿ. ಅದು ಖರೇ ಇತ್ತು. ತಪ್ಪಿದಾವ ನಾ."

ಪುಷ್ಪಲತಾ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಚೀಲದೊಳಗಿನಿಂದ ಕರವಸ್ತ್ರದ ಗಂಟು ತೆಗೆದಳು; ಹಿಂದಿನ ದಿನ ಅವನ ಅಂಗಿ ಒಗೆಯುವಾಗ ಕಿಸೆಯಲ್ಲಿ ಸಿಕ್ಕಿದ್ದು. ಬಿಚ್ಚಿ ಯೂಸುಫಸಾಬರ ಎಡಗೈಯಲ್ಲಿ ಇಟ್ಟಳು.

"ಕಾಕಾ, ಇದು ಬಟನ್ನಿನ ಹಿಂದ ಇತ್ತು. ನಾನ ಬ್ಯಾಟರಿ ಹಿಡದಿದ್ದೆ. ಅವತ್ತ ನಾ ನಿಮಗ ಹೇಳಬೇಕಾಗಿತ್ತು."

ಬೆರಳುದ್ದದ ವೈರಿನ ತುಂಡು ಅದು. ಯೂಸುಫಸಾಬರು ಹೆಬ್ಬೆರಳಿನ ಉಗುರಿನಿಂದ ಟೇಪು ಸುಲಿದರು. ಎಡಗೈಯೊಂದರಿಂದಲೇ ಮಾಡಬೇಕಾದ್ದರಿಂದ ಬಹಳ ಹೊತ್ತು ಹಿಡಿಯಿತು. ಸೈದಾಬಿ ನೆರವಿಗೆ ಬಂದರೆ ಬೇಡವೆಂದರು. ತಾಮ್ರದ ಎಳೆಗಳು ಕಂಡವು. ಮೂರು ಪಾಲು, ಹೆರಳಿನಂತೆ ಹೆಣೆದದ್ದು. ಅವರು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಜಗ್ಗಿ ನೋಡಿದರು. ಬಿಚ್ಚಲಿಲ್ಲ.

"ಚೊಕ್ಕ ಹೆಣದಾನ" ಎಂದರು. ಸಾವ್ಕಾರ್ರು ಎಂದು ಕರೆದವರ ಬಾಯಲ್ಲಿ ಅವನು ಮೊದಲ ಸಲ ಏಕವಚನವಾದ.

ಆಮೇಲೆ ನಾಲ್ಕು ದಿನದಿಂದ ಬಾರದ ಕಣ್ಣೀರು ಬಿಳಿ ಗಡ್ಡದೊಳಗೆ ಇಳಿಯಿತು.

"ಸೈದಾ, ಕೇಳಿದೇನ? ನನ್ನ ಮೊಣಕೈ ತಾಗಿಲ್ಲ. ನಾ ಮರತಿರಲಿಲ್ಲ. ನನ್ನ ಕೈ ಮರತಿರಲಿಲ್ಲ."

ಸೈದಾಬಿ ಸೆರಗಿನಿಂದ ಅವರ ಮುಖ ಒರೆಸಿದಳು. ಯೂಸುಫಸಾಬರು ಆ ತುಂಡನ್ನು ದಿಂಬಿನ ಕೆಳಗೆ ಸೇರಿಸಿ, ನಾಲ್ಕು ದಿನದಲ್ಲಿ ಮೊದಲ ಸಲ ತಾವಾಗಿ ಊಟ ಕೇಳಿದರು. ಪುಷ್ಪಲತಾ ಬುತ್ತಿ ಬಿಚ್ಚಿದಳು. ವೀರೇಂದ್ರ ಮಂಚದ ಕಾಲ ಬಳಿ ನಿಂತೇ ಇದ್ದ. ಅವನಿಗೆ ಕೂರು ಎಂದು ಯಾರೂ ಹೇಳಲಿಲ್ಲ.